ಅಂಕಸಮುದ್ರದ ಕೆರೆಯೂ ನಮ್ಮ ಬೈಲು ಗದ್ದೆಯೂ

ನಮ್ಮ ಮನೆಯ ಕೆಳಗೆ ಒಂದು ಬೈಲು ಗದ್ದೆ ಇದೆ. ಎಲ್ಲ ಸೇರಿದರೂ ಅರುವತ್ತು ಸೆಂಟ್ಸ್ ಆಗುವುದಿಲ್ಲ. ಉಪ್ಪ ಇರುವ ತನಕ ವರ್ಷಕ್ಕೊಂದು ಬೆಳೆ ತೆಗೆಯುತ್ತಿದ್ದರು. ಅವರು ತೀರಿಹೋದ ಮೇಲೆ ಹಡಿಲು ಬಿದ್ದಿದೆ. ಮಳೆಗಾಲದಲ್ಲಿ ಮೊಣಕಾಲುದ್ದ ನೀರು, ಆಮೇಲೆ ಕೆಸರು, ಬೇಸಗೆಯಲ್ಲಿ ಹುಲ್ಲು. ಬೆಳ್ಳಕ್ಕಿ, ಕಪ್ಪೆ, ಕೇರೆ ಹಾವು, ಇಷ್ಟೇ ಅದರ ಆದಾಯ.

ಗಲ್ಫಿನಲ್ಲಿರುವ ಕಾಕ ಎರಡು ವರ್ಷದಿಂದ ಫೋನಿನಲ್ಲಿ ಒಂದೇ ಮಾತು ಹೇಳುತ್ತಿದ್ದರು. "ಐನೂರು ಲೋಡ್ ಆದರೂ ಸರಿ, ಕೆಂಪು ಮಣ್ಣು ಹಾಕಿಸು. ನಾಲ್ಕು ಸೈಟ್ ಮಾಡುವ. ಸುಮ್ಮನೆ ಬಿದ್ದಿರುವ ಜಾಗ ಅಲ್ವಾ ಅದು." ಕಾಕನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅವರಿಗೆ ಊರಿಗೆ ಬಂದು ನೆಲೆ ನಿಲ್ಲಬೇಕು, ಮಗಳ ಮದುವೆ ಆಗಬೇಕು. ನಾನೂ ಮಣ್ಣಿನವರಲ್ಲಿ ಮಾತಾಡಿ ಆಗಿತ್ತು. ಜನವರಿಯಲ್ಲಿ ಟಿಪ್ಪರ್ ಬರುವುದೆಂದು ದಿನವೂ ನಿಗದಿಯಾಗಿತ್ತು.

ಅದಕ್ಕೆ ಮೊದಲು, ಡಿಸೆಂಬರಿನ ಕೊನೆಯ ವಾರ, ನಾವು ನೀಲಗುಂದಕ್ಕೆ ಹೋದೆವು.

ನೀಲಗುಂದ ಇರುವುದು ಹರಪನಹಳ್ಳಿ ತಾಲೂಕಿನಲ್ಲಿ. ಚಾಲುಕ್ಯರ ಕಾಲದ ಭೀಮೇಶ್ವರ ದೇವಾಲಯದಿಂದಾಗಿ ಇತಿಹಾಸ ಓದಿದವರಿಗೆ ಗೊತ್ತಿರುವ ಊರು. ನನ್ನ ಹೆಂಡತಿಯ ತಮ್ಮ ಹರಪನಹಳ್ಳಿಯಲ್ಲಿ ಬೇಕರಿ ಇಟ್ಟಿದ್ದಾನೆ, ಮನೆ ನೀಲಗುಂದದಲ್ಲಿ. ನಮ್ಮ ಕಡೆಯವರು ಬೇಕರಿ, ಹೋಟೆಲ್ ಅಂತ ಹೀಗೆ ಎಲ್ಲೆಲ್ಲಿಯೋ ಹೋಗಿ ಬದುಕು ಕಟ್ಟಿಕೊಂಡದ್ದು ಹೊಸ ವಿಷಯ ಅಲ್ಲ. ಮಕ್ಕಳ ಶಾಲೆಗೆ ಕ್ರಿಸ್‌ಮಸ್ ರಜೆ, ನನಗೆ ಮದ್ರಸದಿಂದ ನಾಲ್ಕು ದಿನ ರಜೆ ಸಿಕ್ಕಿತು. ಮಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಬೆಳಗ್ಗೆ ದಾವಣಗೆರೆಯಲ್ಲಿ ಇಳಿದೆವು. ಅಲ್ಲಿಂದ ಮುಂದೆ ನೋಡಿದಷ್ಟು ದೂರ ಬಯಲು. ಮೆಕ್ಕೆಜೋಳದ ರಾಶಿ, ಒಣ ನೆಲ, ಅಲ್ಲೊಂದು ಇಲ್ಲೊಂದು ಜಾಲಿ ಮರ. ಕಿಟಕಿ ಪಕ್ಕ ಕೂತಿದ್ದ ಹೆಂಡತಿ, "ಇಲ್ಲಿಯವರು ನೀರಿಗೆ ಏನು ಮಾಡ್ತಾರೆ?" ಅಂತ ಕೇಳಿದಳು. ಆ ಪ್ರಶ್ನೆಗೆ ಉತ್ತರ ಮಾರನೆಯ ದಿನ ಸಿಕ್ಕಿತು.

ಕವಣೆಯ ಹುಡುಗ

ನನ್ನ ಚಿಕ್ಕ ಮಗನ ವಿಷಯ ಇಲ್ಲಿ ಹೇಳಲೇಬೇಕು. ಐದನೇ ತರಗತಿ. ಕೈಯಲ್ಲಿ ಯಾವಾಗಲೂ ಒಂದು ರಬ್ಬರಿನ ಕವಣೆ. ಹಡಿಲು ಗದ್ದೆಯ ಬದುವಿನಲ್ಲಿ ಕೂತು ಬೆಳ್ಳಕ್ಕಿಗೆ ಕಲ್ಲು ಬೀರುವುದೇ ಅವನ ಆಟ. ಎರಡು ಸಲ ಕಸಿದುಕೊಂಡೆ, ಮೂರನೆಯದು ಅವನೇ ಮಾಡಿಕೊಂಡ.

ನಾಚಿಕೆಯ ಸಂಗತಿ ಏನೆಂದರೆ, ನಾನು ಮದ್ರಸದಲ್ಲಿ ಮಕ್ಕಳಿಗೆ ಹಕ್ಕಿಮರಿಯ ಘಟನೆಯನ್ನು ಎಷ್ಟೋ ಸಲ ಹೇಳಿದ್ದೇನೆ. ಪ್ರಯಾಣದ ನಡುವೆ ಸಹಾಬಿಗಳು ಒಂದು ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡದ್ದು, ತಾಯಿ ಹಕ್ಕಿ ರೆಕ್ಕೆ ಬಡಿಯುತ್ತಾ ಸುತ್ತಿದ್ದು, ಪ್ರವಾದಿಯವರು ಅದನ್ನು ಕಂಡು ಮರಿಗಳನ್ನು ಹಿಂದಿರುಗಿಸಲು ಹೇಳಿದ್ದು. ಹದೀಸ್ ಗ್ರಂಥ ಅಬೂದಾವೂದ್‌ನಲ್ಲಿ ಇರುವ ಘಟನೆ. ಊರಿನ ಮಕ್ಕಳಿಗೆಲ್ಲ ಹೇಳಿದ ಪಾಠ ಮನೆಯ ಹುಡುಗನ ಕಿವಿಗೆ ಬಿದ್ದಿರಲಿಲ್ಲ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ನನಗೂ ಪೂರ್ತಿ ಬಿದ್ದಿರಲಿಲ್ಲ. ಹಕ್ಕಿಗೆ ಕಲ್ಲು ಹೊಡೆಯಬೇಡ ಅಂತ ಮಗನಿಗೆ ಗದರುತ್ತಿದ್ದ ನಾನೇ, ಆ ಹಕ್ಕಿಯ ಗದ್ದೆಗೆ ಐನೂರು ಲೋಡ್ ಮಣ್ಣು ಹಾಕಿಸಲು ಹೊರಟಿದ್ದೆ.

"ಮಕ್ಕಳಿಗೆ ಏನಾದರೂ ತೋರಿಸಬೇಕಲ್ಲ ಭಾವ, ಅಂಕಸಮುದ್ರಕ್ಕೆ ಹೋಗುವ" ಅಂದ ನನ್ನ ಹೆಂಡತಿಯ ತಮ್ಮ. ಸಮುದ್ರ ಅಂದ ಕೂಡಲೇ ನಮ್ಮ ಮಕ್ಕಳು ನಕ್ಕರು. ಸಮುದ್ರದ ಬದಿಯಿಂದ ಬಂದವರಿಗೆ ಸಮುದ್ರ ತೋರಿಸುವುದೇ!

ಏರಿಯ ಮೇಲೆ

ಅಂಕಸಮುದ್ರ ಹಗರಿಬೊಮ್ಮನಹಳ್ಳಿ ತಾಲೂಕಿನ ಒಂದು ಹಳ್ಳಿ. ಅಲ್ಲಿರುವುದು ಸಮುದ್ರವಲ್ಲ, ಕೆರೆ. ಶತಮಾನಗಳ ಹಿಂದೆ ಬೇಸಾಯಕ್ಕಾಗಿ ಮನುಷ್ಯರು ಕಟ್ಟಿದ ಕೆರೆ. ಈ ಕಡೆ ದೊಡ್ಡ ಕೆರೆಗೆ ಸಮುದ್ರ, ಸಾಗರ ಅಂತ ಹೆಸರಿಡುವುದು ಹಳೆಯ ರೂಢಿ. ಮಳೆ ಕಡಿಮೆ ಇರುವ ಸೀಮೆಯಲ್ಲಿ ತುಂಬಿದ ಕೆರೆ ಕಂಡವನಿಗೆ ಅದು ಸಮುದ್ರವೇ ಆಗಿ ಕಂಡಿರಬೇಕು. ಹೆಂಡತಿಯ ಪ್ರಶ್ನೆಗೆ ಇದೇ ಉತ್ತರ. ಇಲ್ಲಿಯವರು ನೀರಿಗಾಗಿ ಕಾದು ಕೂತವರಲ್ಲ, ಬಂದ ಮಳೆಯನ್ನು ಹಿಡಿದಿಟ್ಟವರು.

ಸುಬ್ಹಿ ನಮಾಝ್ ಮುಗಿಸಿ ಹೊರಟಿದ್ದೆವು. ನಾವು ಏರಿಯ ಮೇಲೆ ಹತ್ತುವಾಗ ಸೂರ್ಯ ಆಗ ತಾನೇ ಏರುತ್ತಿದ್ದ. ಮೊದಲು ಬಂದದ್ದು ಸದ್ದು. ಮದುವೆ ಮನೆಯ ಅಡುಗೆ ಕೋಣೆಯಲ್ಲಿ ಬರುವಂತಹ ಗಲಾಟೆ. ಆಮೇಲೆ ಕಂಡದ್ದು ನೀರಿನೊಳಗೆ ನಿಂತ ಜಾಲಿ ಮರಗಳು. ಒಂದೊಂದು ಮರದಲ್ಲೂ ಎಲೆಗಿಂತ ಹಕ್ಕಿ ಹೆಚ್ಚು ಅನ್ನಿಸುವಷ್ಟು. ನನ್ನ ಮಗ ಏನೂ ಮಾತಾಡಲಿಲ್ಲ. ಬಾಯಿ ತೆರೆದುಕೊಂಡು ನಿಂತುಬಿಟ್ಟ.

ಅಲ್ಲಿ ನೋಡಿದ್ದನ್ನು ಗುರುತು ಹಿಡಿಯುವಂತೆ ಹೇಳುತ್ತೇನೆ, ಹೋಗುವವರಿಗೆ ಉಪಯೋಗವಾದೀತು. ಹಳದಿ ಕೊಕ್ಕು, ಬಿಳಿ ಮೈ, ಬಾಲದ ಹತ್ತಿರ ಗುಲಾಬಿ ಬಣ್ಣ ಚೆಲ್ಲಿದಂತೆ ಇರುವುದು ಬಣ್ಣದ ಕೊಕ್ಕರೆ. ಅದು ಕೊಕ್ಕನ್ನು ಅರ್ಧ ತೆರೆದು ನೀರಿಗೆ ಅದ್ದಿ, ಕಾಲಿನಿಂದ ಕೆಸರು ಕೆದಕುತ್ತಾ ಹೋಗುತ್ತದೆ. ಮೀನು ಕೊಕ್ಕಿಗೆ ತಾಗಿತೋ, ಟಪ್ ಅಂತ ಮುಚ್ಚಿತು. ಕಣ್ಣಿನಿಂದ ಅಲ್ಲ, ಸ್ಪರ್ಶದಿಂದ ಮೀನು ಹಿಡಿಯುವ ಹಕ್ಕಿ. ಬಿಳಿ ಮೈಗೆ ಕಪ್ಪು ಬೋಳುತಲೆ, ಕುಡುಗೋಲಿನಂತೆ ಬಾಗಿದ ಕೊಕ್ಕು ಇದ್ದರೆ ಅದು ಬಿಳಿ ಕೆಂಬರಲು. ಕೊಕ್ಕಿನ ಮಧ್ಯೆ ಸಂದು ಬಿಟ್ಟಿರುವುದು ಬಾಯ್ಕಳಕ ಕೊಕ್ಕರೆ. ಬಸವನಹುಳುವನ್ನು ಚಿಪ್ಪಿನಿಂದ ಎಳೆದು ತಿನ್ನಲು ಆ ಕೊಕ್ಕೇ ಇಕ್ಕಳ. ಕಪ್ಪಗಿದ್ದು, ನೀರಿಗೆ ಮುಳುಗಿ ಎದ್ದು, ಕೊಂಬೆಯ ಮೇಲೆ ರೆಕ್ಕೆ ಹರಡಿ ಒಣಗಿಸುತ್ತಾ ಕೂತಿರುವುದು ನೀರುಕಾಗೆ.

ಸರಕಾರದ ಲೆಕ್ಕದಲ್ಲಿ ಈ ಕೆರೆ 98.76 ಹೆಕ್ಟೇರ್, ಅಂದರೆ ಸುಮಾರು 244 ಎಕರೆ. 240 ಬಗೆಯ ಹಕ್ಕಿ, 41 ಬಗೆಯ ಮೀನು, 210ಕ್ಕೂ ಹೆಚ್ಚು ಬಗೆಯ ಗಿಡಮರಗಳನ್ನು ಇಲ್ಲಿ ಗುರುತಿಸಿದ್ದಾರೆ. ಮೂವತ್ತು ಸಾವಿರಕ್ಕೂ ಹೆಚ್ಚು ನೀರುಹಕ್ಕಿಗಳು ಇಲ್ಲಿ ಗೂಡು ಕಟ್ಟುತ್ತವೆ, ರಾತ್ರಿ ತಂಗುತ್ತವೆ.

ನೀರೇ ಬೇಲಿ

ಏರಿಯ ಮೇಲೆ ಒಬ್ಬ ಅಜ್ಜ ಎರಡು ಎಮ್ಮೆ ಮೇಯಿಸುತ್ತಿದ್ದರು. ನಮ್ಮ ಟೋಪಿ, ಮಕ್ಕಳ ಗದ್ದಲ ನೋಡಿ ಹತ್ತಿರ ಬಂದರು.

"ಎಲ್ಲಿಂದ ಬಂದೀರಿ ಸಾಹೇಬ್ರ? ಹಕ್ಕಿ ನೋಡಾಕೇನು?"

ಮಂಗಳೂರು ಕಡೆಯಿಂದ ಅಂದಾಗ ನಕ್ಕರು. "ಅಲ್ಲಿ ದೊಡ್ಡ ನೀರು ಬಿಟ್ಟು ನಮ್ಮ ಸಣ್ಣ ನೀರು ನೋಡಾಕ ಬಂದೀರಿ ಅನ್ರಿ."

ನನ್ನ ಮಗ ಅಷ್ಟರಲ್ಲಿ ಬಾಯಿಬಿಟ್ಟ. ಹಕ್ಕಿಗಳು ಅಷ್ಟು ಒಳಗೆ, ನೀರಿನ ನಡುವಿನ ಮರದಲ್ಲೇ ಯಾಕೆ ಗೂಡು ಕಟ್ಟುತ್ತವೆ, ಇತ್ತ ದಂಡೆಯಲ್ಲೂ ಮರ ಇದೆಯಲ್ಲ ಅಂತ ಕೇಳಿದ. ಕಲ್ಲು ಬೀರುವವನಿಗೆ ದೂರದ ಲೆಕ್ಕ ಚೆನ್ನಾಗಿ ಗೊತ್ತಿರುತ್ತದೆ.

ಅಜ್ಜ ಹೇಳಿದರು: "ನೀರ ಬೇಲಿ ಅದಕ್ಕ. ಸುತ್ತ ನೀರಿದ್ರ ನಾಯಿ ಬರಂಗಿಲ್ಲ, ಬೆಕ್ಕು ಬರಂಗಿಲ್ಲ, ನಿನ್ನಂಥ ಹುಡುಗೂರೂ ಬರಂಗಿಲ್ಲ. ನೀರು ಇಳೀತು ಅಂದ್ರ ಬೇಲಿ ಕಿತ್ತಂಗ. ಗೂಡಿನಾಗಿನ ಮರಿ ಕೆಳಗ ಬಿದ್ರ ಆತು, ಬುಡದಾಗ ನಾಯಿ ಕಾಯ್ತಿರ್ತಾವ."

ಹಕ್ಕಿಗಳಿಂದ ಬೆಳೆಗೆ ನಷ್ಟ ಇಲ್ಲವೇ ಅಂತ ನಾನು ಕೇಳಿದೆ. ಅವರು ಮುಚ್ಚಿಡಲಿಲ್ಲ. "ಸಸಿ ಹಚ್ಚಿದಾಗ ಒಂದೀಟು ತುಳೀತಾವ್ರಿ. ಬೈದೀವಿ, ಓಡಿಸೀವಿ. ಆದ್ರ ಹುಳ ಹೆಕ್ಕೋದೂ ಅವ ಅಲ್ರಿ."

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು. "ಬೆಳಿಗೂ ನೀರು ಬೇಕು, ಹಕ್ಕಿಗೂ ನೀರು ಬೇಕು. ಮಳಿ ಬಂದ ವರ್ಷ ಜಗಳ ಇಲ್ಲ. ಮಳಿ ಕೈಕೊಟ್ಟ ವರ್ಷ ಗೊತ್ತಾಗ್ತದ, ಯಾರಿಗೆ ಎಷ್ಟು ಸಬೂರಿ ಐತಿ ಅಂತ."

ಸಬೂರಿ. ನಾವು ಸಬ್ರ್ ಅನ್ನುವ ಪದವೇ. ಬಯಲುಸೀಮೆಯ ರೈತನ ಬಾಯಲ್ಲಿ ಅದು ಮನೆಮಾತಾಗಿ ಹೋಗಿದೆ. ನಾನು ಆ ಪದದ ಬಗ್ಗೆ ಎಷ್ಟೋ ಪಾಠ ಮಾಡಿದ್ದೇನೆ. ಒಂದು ಕೆರೆಯ ನೀರನ್ನು ಕೊನೆಯ ಹನಿವರೆಗೆ ಎಳೆದುಕೊಳ್ಳದೆ ಬಿಡುವುದೂ ಸಬ್ರ್ ಅಂತ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಕೆರೆ ಯಾರದ್ದು?

ಅಂಕಸಮುದ್ರವನ್ನು 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ ಎಂದು ಸರಕಾರ ಘೋಷಿಸಿತು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಅಂದರೆ ನಮಗೆಲ್ಲ ಗೊತ್ತು, ಅಲ್ಲಿ ಜನರಿಗೆ ಕಟ್ಟುಪಾಡು ಹೆಚ್ಚು. ಈ ಸಂರಕ್ಷಣಾ ಮೀಸಲು ಬೇರೆ ರೀತಿಯದ್ದು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ತಂದು ಇದನ್ನು ಸೇರಿಸಿದರು. ಸರಕಾರದ ಜಾಗವನ್ನೇ ಹೀಗೆ ಘೋಷಿಸಬೇಕು, ಘೋಷಿಸುವ ಮುಂಚೆ ಸ್ಥಳೀಯರೊಂದಿಗೆ ಸಮಾಲೋಚನೆ ಮಾಡಬೇಕು, ನಿರ್ವಹಣೆಯ ಸಮಿತಿಯಲ್ಲಿ ಗ್ರಾಮ ಪಂಚಾಯತ್‌ನ ಪ್ರತಿನಿಧಿಗಳೂ ಇರಬೇಕು. ಒಳಗೆ ಇರುವ ಜನರ ಹಕ್ಕಿಗೆ ಇದರಿಂದ ತೊಂದರೆ ಬರಬಾರದು. ಊರವರನ್ನು ಹೊರಗಿಟ್ಟು ಹಕ್ಕಿ ಕಾಯುವುದಲ್ಲ, ಊರವರೊಂದಿಗೇ ಕಾಯುವುದು.

2024ರ ಜನವರಿ 31ರಂದು ಅಂಕಸಮುದ್ರಕ್ಕೆ ಇನ್ನೊಂದು ಮನ್ನಣೆ ಬಂತು. ಅದು ರಾಮ್ಸರ್ ಪಟ್ಟಿಗೆ ಸೇರಿದ ಸುದ್ದಿ ಪ್ರಕಟವಾಯಿತು. ರಾಮ್ಸರ್ ಅನ್ನುವುದು ಇರಾನ್ ದೇಶದ ಒಂದು ಊರು. 1971ರ ಫೆಬ್ರವರಿ 2ರಂದು ಅಲ್ಲಿ ಹಲವು ದೇಶಗಳು ಕೂಡಿ ನೀರು ನಿಲ್ಲುವ ಜಾಗಗಳನ್ನು ಉಳಿಸಲು ಒಪ್ಪಂದ ಮಾಡಿಕೊಂಡವು. ಫೆಬ್ರವರಿ 2ನ್ನು ವಿಶ್ವ ಜೌಗು ಪ್ರದೇಶ ದಿನ ಎಂದು ಆಚರಿಸುವುದು ಅದಕ್ಕೇ.

ಕರ್ನಾಟಕದಲ್ಲಿ ಮೊದಲು ಈ ಪಟ್ಟಿ ಸೇರಿದ್ದು 2022ರಲ್ಲಿ ರಂಗನತಿಟ್ಟು. 2024ರಲ್ಲಿ ಅಂಕಸಮುದ್ರದ ಜೊತೆಗೆ ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆಯೂ ಸೇರಿದವು. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಅಘನಾಶಿನಿಯ ಅಳಿವೆಯಲ್ಲಿ ಜನ ನಮ್ಮ ಹಾಗೆಯೇ ಮರುವಾಯಿ ಹೆಕ್ಕಿ ಬದುಕುತ್ತಾರೆ. ನಾಲ್ಕರಲ್ಲಿ ಎರಡು, ಅಂಕಸಮುದ್ರ ಮತ್ತು ಮಾಗಡಿ, ರೈತರಿಗಾಗಿ ಕಟ್ಟಿದ ಕೆರೆಗಳು. ಹಕ್ಕಿಗಾಗಿ ಯಾರೂ ಕಟ್ಟಿರಲಿಲ್ಲ. ಮನುಷ್ಯ ತನ್ನ ಅನ್ನಕ್ಕಾಗಿ ಮಾಡಿದ್ದರಲ್ಲಿ ಹಕ್ಕಿಗೂ ಪಾಲು ಸಿಕ್ಕಿತು.

ಇನ್ನೊಂದು ವಿಷಯ ನನ್ನನ್ನು ಚುಚ್ಚಿದ್ದು. ರಾಮ್ಸರ್ ಒಪ್ಪಂದದ ಪ್ರಕಾರ ಜೌಗು ಪ್ರದೇಶ ಅಂದರೆ ದೊಡ್ಡ ಸರೋವರ ಮಾತ್ರ ಅಲ್ಲ. ಸಹಜವಾಗಿರಲಿ, ಮನುಷ್ಯ ಮಾಡಿದ್ದಿರಲಿ, ವರ್ಷವಿಡೀ ನೀರಿರಲಿ, ಕೆಲವು ತಿಂಗಳು ಮಾತ್ರ ಇರಲಿ, ಎಲ್ಲವೂ ಸೇರುತ್ತದೆ. ಭತ್ತದ ಗದ್ದೆಯೂ ಸೇರುತ್ತದೆ. ಅಂದರೆ ನಮ್ಮ ಅರುವತ್ತು ಸೆಂಟ್ಸ್ ಹಡಿಲು ಗದ್ದೆಯೂ ಅಂಕಸಮುದ್ರದ ಬಡ ಸಂಬಂಧಿಕನೇ.

ಗುಬ್ಬಚ್ಚಿಯಿಂದ ಶುರುವಾದದ್ದು

ವಾಪಸ್ ಬರುವಾಗ ಮಗನಿಗೆ ಒಬ್ಬ ಹುಡುಗನ ಕತೆ ಹೇಳಿದೆ. ಅವನ ಕೈಯಲ್ಲಿ ಕವಣೆ ಅಲ್ಲ, ಏರ್‌ಗನ್ ಇತ್ತು. ಮುಂಬೈಯ ಮುಸ್ಲಿಂ ಕುಟುಂಬದ ಹುಡುಗ, 1896ರಲ್ಲಿ ಹುಟ್ಟಿದವನು. ತಂದೆ ತಾಯಿ ಬೇಗ ತೀರಿಹೋದರು, ಮಾವ ಅಮೀರುದ್ದೀನ್ ತಯ್ಯಬ್ಜಿ ಸಾಕಿದರು. ಒಂದು ದಿನ ಗುಬ್ಬಚ್ಚಿ ಹೊಡೆದ. ಎತ್ತಿ ನೋಡಿದರೆ ಅದರ ಕುತ್ತಿಗೆಯಲ್ಲಿ ಹಳದಿ ಮಚ್ಚೆ. ಇದು ಯಾವ ಹಕ್ಕಿ ಅಂತ ಮಾವನನ್ನು ಕೇಳಿದ. ಮಾವ ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಹಕ್ಕಿಯನ್ನು ಗುರುತಿಸಿ ಹೇಳಿದ್ದಷ್ಟೇ ಅಲ್ಲ, ಅಲ್ಲಿದ್ದ ಹಕ್ಕಿಗಳ ಸಂಗ್ರಹವನ್ನೆಲ್ಲ ಹುಡುಗನಿಗೆ ತೋರಿಸಿದರು.

ಆ ಹುಡುಗ ಸಲೀಂ ಅಲಿ. ಮುಂದೆ ಇಡೀ ದೇಶದ ಹಕ್ಕಿಗಳ ಲೆಕ್ಕ ಬರೆದವರು. 1976ರಲ್ಲಿ ಪದ್ಮವಿಭೂಷಣ ಬಂತು. ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳ ಗೂಡು ಕಂಡು, ಈ ಜಾಗ ಉಳಿಸಬೇಕು ಅಂತ ಮೈಸೂರು ಅರಸರಿಗೆ ಮನವರಿಕೆ ಮಾಡಿದ್ದೂ ಅವರೇ. ಹಾಗೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಗುಬ್ಬಚ್ಚಿ ಹೊಡೆದ ಹುಡುಗನನ್ನು ಮಾವ ಬೈದು ಸುಮ್ಮನಿರಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಬೈಯಲಿಲ್ಲ, ಕೇಳಿದ ಪ್ರಶ್ನೆಗೆ ದಾರಿ ತೋರಿಸಿದರು. ಎರಡು ಕವಣೆ ಕಸಿದುಕೊಂಡು ಏನೂ ಸಾಧಿಸದ ನನಗೆ ಇದರಲ್ಲಿ ಪಾಠ ಇತ್ತು.

ಮಗ ಕೇಳಿದ, "ಉಪ್ಪ, ನಮ್ಮ ಗದ್ದೆಗೆ ಬರುವ ಬೆಳ್ಳಕ್ಕಿ ರಾತ್ರಿ ಎಲ್ಲಿ ಮಲಗುವುದು?"

ನನಗೆ ಗೊತ್ತಿರಲಿಲ್ಲ. ನಲವತ್ತು ವರ್ಷ ಆ ಗದ್ದೆಯ ಮೇಲಿನ ಮನೆಯಲ್ಲಿ ಬೆಳೆದವನು ನಾನು.

ಹೋಗುವವರಿಗೆ ಎರಡು ಮಾತು

ಕುಟುಂಬ ಸಮೇತ ಹೋಗುವವರು ಬೆಳಗ್ಗೆ ಬೇಗ ಅಥವಾ ಸಂಜೆ ಹೋಗಿ. ಬೆಳಗ್ಗೆ ಹಕ್ಕಿ ಹೊರಡುವ ಹೊತ್ತು, ಸಂಜೆ ಮರಳುವ ಹೊತ್ತು. ಮಧ್ಯಾಹ್ನ ಬಿಸಿಲಿನಲ್ಲಿ ಮಕ್ಕಳಿಗೆ ಬೇಸರವಾಗುತ್ತದೆ. ಹೊಸಪೇಟೆ, ತುಂಗಭದ್ರಾ ಅಣೆಕಟ್ಟು ನೋಡಲು ಹೋಗುವವರು ಹಗರಿಬೊಮ್ಮನಹಳ್ಳಿಯ ದಾರಿ ಹಿಡಿದರೆ ಇದನ್ನೂ ಸೇರಿಸಿಕೊಳ್ಳಬಹುದು. ಯಾರದ್ದಾದರೂ ದುರ್ಬೀನು ಇದ್ದರೆ ಕೇಳಿ ಒಯ್ಯಿರಿ. ಇಲ್ಲದಿದ್ದರೂ ಕಣ್ಣೇ ಸಾಕು. ಎದ್ದು ಕಾಣುವ ಬಣ್ಣದ ಬಟ್ಟೆ ಬೇಡ, ಹಾರ್ನ್ ಬೇಡ, ಹಕ್ಕಿ ಹಾರಲಿ ಅಂತ ಚಪ್ಪಾಳೆ ತಟ್ಟುವುದಂತೂ ಬೇಡವೇ ಬೇಡ. ಗೂಡಿನಿಂದ ತಾಯಿ ಎದ್ದರೆ ಮೊಟ್ಟೆಗೆ, ಮರಿಗೆ ಬಿಸಿಲು ತಾಗುತ್ತದೆ, ಕಾಗೆ ಹದ್ದು ಕಾಯುತ್ತಿರುತ್ತವೆ. ಬಿರಿಯಾನಿ ಪೊಟ್ಟಣ ಕಟ್ಟಿಕೊಂಡು ಹೋದರೆ ಅದರ ಪ್ಲಾಸ್ಟಿಕ್ ವಾಪಸ್ ಮನೆಗೆ ತನ್ನಿ. ಅದು ಜನರ ಹೊಲಕ್ಕೆ ನೀರು ಕೊಡುವ ಕೆರೆ.

ಟಿಪ್ಪರ್ ಬರಲಿಲ್ಲ

ಊರಿಗೆ ಬಂದ ಮಾರನೆಯ ಬೆಳಗ್ಗೆ ನಾನು ಮತ್ತು ಮಗ ಗದ್ದೆಯ ಬದುವಿನಲ್ಲಿ ಕೂತೆವು. ಅಂಕಸಮುದ್ರ ನೋಡಿ ಬಂದ ಕಣ್ಣಿಗೆ ಅದು ಏನೂ ಅಲ್ಲ. ಹದಿನೇಳು ಬೆಳ್ಳಕ್ಕಿ, ಒಂದು ಮಿಂಚುಳ್ಳಿ. ಆದರೆ ಅಲ್ಲಿ ಕೂತಾಗ ಇನ್ನೊಂದು ಕಂಡಿತು. ಮೇಲಿನ ಗುಡ್ಡದ ಮಳೆನೀರು ಇಳಿದು ಬರುವುದು ಈ ಗದ್ದೆಗೆ. ಇಲ್ಲಿ ನಿಂತು, ಇಂಗಿ, ಉಳಿದದ್ದು ತೋಡಿಗೆ ಹೋಗುತ್ತದೆ. ಕೆಳಗಿನ ಮೂರು ಮನೆಗಳ ಬಾವಿ ಏಪ್ರಿಲಿನಲ್ಲೂ ಬತ್ತದೆ ಇರುವುದು ಇದರಿಂದ. ಇದಕ್ಕೆ ಮಣ್ಣು ಹಾಕಿದರೆ ಮಳೆಗಾಲದಲ್ಲಿ ಆ ನೀರು ಹೋಗುವುದು ಎಲ್ಲಿಗೆ? ಅವರ ಅಂಗಳಕ್ಕೆ. ಬೇಸಗೆಯಲ್ಲಿ ಅವರ ಬಾವಿಗೆ ನೀರು ಎಲ್ಲಿಂದ? ಹೊಸ ಬಡಾವಣೆಗಳಲ್ಲಿ ಜೂನ್ ಜುಲೈ ತಿಂಗಳಲ್ಲಿ ಮನೆಯೊಳಗೆ ನೀರು ನುಗ್ಗಿದಾಗ ನಾವು ಚರಂಡಿಯನ್ನು ಬೈಯುತ್ತೇವೆ, ಪಂಚಾಯತ್ ಅನ್ನು ಬೈಯುತ್ತೇವೆ. ಅಲ್ಲಿ ಮೊದಲು ಗದ್ದೆ ಇತ್ತು ಅನ್ನುವುದನ್ನು ಮರೆಯುತ್ತೇವೆ.

ನೆರೆಮನೆಯವನ ಹಕ್ಕಿನ ಬಗ್ಗೆ ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಗದ್ದೆ ನಮ್ಮ ಹೆಸರಿನಲ್ಲಿದೆ, ಸರಿ. ಅದರಲ್ಲಿ ಇಂಗುವ ನೀರು ನಮ್ಮೊಬ್ಬರ ಹೆಸರಿನಲ್ಲಿ ಇಲ್ಲ.

ಕಾಕನಿಗೆ ಫೋನ್ ಮಾಡಿದೆ. ಮೊದಲು ಅವರಿಗೆ ಸಿಟ್ಟು ಬಂತು. "ಬೆಳ್ಳಕ್ಕಿಗೆ ಬೇಕಾಗಿ ನನ್ನ ಮಗಳ ಮದುವೆ ನಿಲ್ಲಿಸುವುದಾ?" ಅಂದರು. ಆ ಪ್ರಶ್ನೆಗೆ ಸುಲಭದ ಉತ್ತರ ಇಲ್ಲ, ಇದೆ ಅಂತ ನಾನು ಇಲ್ಲಿ ಬರೆಯುವುದೂ ಇಲ್ಲ. ಬೆಳ್ಳಕ್ಕಿಯ ವಿಷಯ ಬಿಟ್ಟು ಬಾವಿಯ ವಿಷಯ ಹೇಳಿದೆ. ಆ ಮೂರು ಮನೆಗಳಲ್ಲಿ ಒಂದು ನಮ್ಮ ಉಮ್ಮನ ತಂಗಿಯದ್ದು. ಕಾಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ರಸ್ತೆ ಬದಿಯಲ್ಲಿ ಎತ್ತರದ ಜಾಗ ಹತ್ತು ಸೆಂಟ್ಸ್ ಇದೆಯಲ್ಲ, ಒಂದು ಮನೆಗೆ ಅದು ಸಾಕಾಗುತ್ತದಾ ನೋಡು. ಉಳಿದದ್ದು ನಾನು ಬಂದ ಮೇಲೆ ಮಾತಾಡುವ" ಅಂದರು. ಮಣ್ಣಿನವರಿಗೆ ಸದ್ಯಕ್ಕೆ ಬೇಡ ಅಂತ ಹೇಳಿದ್ದೇನೆ. ಕಾಕ ಬಂದ ಮೇಲೆ ಏನಾಗುತ್ತದೋ, ಅದು ಮನೆಯವರೆಲ್ಲ ಕೂತು ತೀರ್ಮಾನಿಸುವ ವಿಷಯ.

ಮಗನ ಕವಣೆ ಇನ್ನೂ ಮನೆಯಲ್ಲೇ ಇದೆ, ನಾನು ಕಸಿದುಕೊಳ್ಳಲಿಲ್ಲ. ಅವನು ಹಳೆಯ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ದಿನಾಂಕ ಹಾಕಿ ಬೆಳ್ಳಕ್ಕಿ ಎಣಿಸುತ್ತಿದ್ದಾನೆ. ಅವು ರಾತ್ರಿ ಮಲಗುವುದು ತೋಡಿನಾಚೆಯ ಬಿದಿರು ಮೆಳೆಯಲ್ಲಿ ಅಂತ ಕಳೆದ ವಾರ ಕಂಡುಹಿಡಿದ.

ನಮ್ಮ ಓದುಗರಲ್ಲಿ ಇಂತಹ ಒಂದು ತುಂಡು ಬೈಲು, ಮಜಲು, ಮದಗ, ಹಳೆಯ ಕೆರೆ ಇರುವವರು ಬಹಳ ಮಂದಿ ಇದ್ದೀರಿ. ಮಣ್ಣು ಹಾಕಬೇಡಿ ಅನ್ನಲು ನಾನು ಯಾರು? ಟಿಪ್ಪರಿಗೆ ಫೋನ್ ಮಾಡುವ ಮುಂಚೆ ಒಂದು ಬೆಳಗ್ಗೆ ಮಕ್ಕಳನ್ನು ಕರೆದುಕೊಂಡು ಅದರ ಬದುವಿನಲ್ಲಿ ಅರ್ಧ ಗಂಟೆ ಕೂತು ನೋಡಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಯಾರ ಬಾವಿಗೆ ಸೇರುತ್ತದೆ ಅಂತ ಲೆಕ್ಕ ಹಾಕಿ. ಆಮೇಲೆ ತೀರ್ಮಾನ ನಿಮ್ಮದು.